ತೊಂಬತ್ತರ ಜಾವ, ಮೈಸೂರಿನ ಪಾಲು

ಮನುಷ್ಯರಿಗೆ ಷಷ್ಟ್ಯಬ್ದಿಯುಂಟು, ಯಂತ್ರಗಳಿಗೂ ಈಗ ಅಂಥ ಸಂಭ್ರಮ ಬಂದಿದೆ. ಅಮೆರಿಕದ ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಕಾರು 1964ರಲ್ಲಿ ಹೊರಬಂದಿತು. ಅದಕ್ಕೆ ಐವತ್ತು ತುಂಬಿದಾಗ ವಿಶೇಷ ಆವೃತ್ತಿಯೊಂದನ್ನು ಹೊರಡಿಸಿ, ಹುಟ್ಟಿದ ವರ್ಷದ ಗುರುತಾಗಿ 1,964 ಕಾರುಗಳನ್ನು ಮಾತ್ರ ಮಾಡಿದರು. ಇಂಥದೇ ಒಂದು ವರ್ಧಂತಿಯಲ್ಲಿ ನಮ್ಮ ಮೈಸೂರಿಗೂ ಪಾಲಿದೆಯೆಂಬುದನ್ನು ವಾಚಕರು ಬಲ್ಲಿರೋ ಇಲ್ಲವೋ.

2019ರಲ್ಲಿ ಜಾವ ಮೋಟಾರ್‌ಸೈಕಲ್ಲಿಗೆ ತೊಂಬತ್ತು ತುಂಬಿತು. 1929ರಲ್ಲಿ, ಅಂದಿನ ಜೆಕೊಸ್ಲೊವಾಕಿಯದಲ್ಲಿ, ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೊದಲಕ್ಷರಗಳನ್ನೂ ಕೂಡಿಸಿ ಈ ಹೆಸರನ್ನು ಕಟ್ಟಿದನು. ಅಲ್ಲಿಯವರ ಉಚ್ಚಾರಣೆ ‘ಯಾವ’. ಇಂಗ್ಲಿಷ್ ಕಾಗುಣಿತದ ದೆಸೆಯಿಂದ ನಮ್ಮಲ್ಲಿ ‘ಜಾವ’ವಾಯಿತು. ಯಾತ್ರೆಯು ಜಾತ್ರೆಯಾದ ದಾರಿ ಬೇರೆ, ಫಲ ಮಾತ್ರ ಒಂದೇ!

ವಿಶೇಷ ಆವೃತ್ತಿಯಲ್ಲಿ ವರ್ಷಕ್ಕೊಂದರಂತೆ ತೊಂಬತ್ತೇ ಗಾಡಿಗಳು. ಮೊದಲೇ ಹಣ ಕಟ್ಟಿ ಕಾದಿದ್ದವರಲ್ಲಿ ಚೀಟಿಯೆತ್ತಿ ಹಂಚಿದರು. 1929ರ ಗಾಡಿಯಂತೆ ಕೆಂಪು ಮತ್ತು ದಂತದ ಬಣ್ಣ. ಪೆಟ್ರೋಲ್ ತೊಟ್ಟಿಯ ಮೇಲೆ ಆಯಾ ಗಾಡಿಯ ಕ್ರಮಸಂಖ್ಯೆ.

ಆದರೆ ಆ ತೊಂಬತ್ತು ವರ್ಷಗಳು ಒಂದೇ ಕಾರ್ಖಾನೆಯ ಆಯುಸ್ಸಲ್ಲ. ಕೈಯಿಂದ ಕೈಗೆ ಬಂದ ಒಂದು ಹೆಸರಿನ ಆಯುಸ್ಸು. ಅದರಲ್ಲಿ ಮೂವತ್ತೈದು ವರ್ಷಗಳನ್ನು ದುಡಿದು ಕೊಟ್ಟವರು ಮೈಸೂರಿನ ಯಾದವಗಿರಿಯ ಕಾರ್ಮಿಕರು. ಅಲ್ಲಿಯ ಐಡಿಯಲ್ ಜಾವ ಕಾರ್ಖಾನೆಯನ್ನು 1961ರಲ್ಲಿ, ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಎಣ್ಣೆ ಬೆರೆಸಿದ ಪೆಟ್ರೋಲನ್ನು ಕುಡಿದು ನೀಲಿ ಹೊಗೆಯುಗುಳುವ ಎರಡು ಹೊಡೆತದ ಎಂಜಿನ್ ಅದರದು. ಜಪಾನೀ ತಾಂತ್ರಿಕತೆಯ ಮಿತವ್ಯಯದ ಗಾಡಿಗಳು ಒಂದೆಡೆ, ಹೊಗೆಯ ಬಿಗಿ ನಿಯಮಗಳು ಇನ್ನೊಂದೆಡೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ವರ್ಧಂತಿಯ ತೊಂಬತ್ತು ಗಾಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹಬ್ಬದಡುಗೆ ಮಾಡಿದವಳನ್ನು ಬಿಟ್ಟು ಪಂಕ್ತಿ ಹಾಕಿದಂತೆ ನನಗೆ ತೋರುತ್ತದೆ.

ನಮ್ಮ ಅರಿಶಿನಕುಂಟೆಯ ಪಕ್ಕದ ತುಮಕೂರು ಹೆದ್ದಾರಿಯಲ್ಲಿ ಹಳೆಯ ಗಾಡಿಯೊಂದು ನಿಂತಿದ್ದರೆ ಅದರ ಎಡಗಾಲ ಕಡೆ ನೋಡಿರಿ. ಗೇರು ಬದಲಿಸುವ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿ, ಅದನ್ನೇ ಒದೆದು ಎಂಜಿನ್ ಹೊತ್ತಿಸುತ್ತಾರೆ. ಒಂದೇ ಸನ್ನೆಗೆ ಎರಡು ಕೆಲಸ. ಹೊಸ ಜಾವಕ್ಕೆ ಗುಂಡಿಯೊತ್ತಿದರೆ ಸಾಕು. ಹಳೆಯದರಂತೆ ಎರಡು ಸೈಲೆನ್ಸರುಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ.