ಕುಳಿತವರ ಗುಂಪಿಗೆ ಹೊಸಬರು ಸೇರುವ ಬಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಕುಳಿತು ಮಾತಾಡುತ್ತಿರುವ ಅಪರಿಚಿತರ ಗುಂಪನ್ನು ಸೇರಲು ಅಸಾಧಾರಣ ಧೈರ್ಯವೂ ಮಾತಿನ ಚಾತುರ್ಯವೂ ಬೇಕೆಂಬ ನಂಬಿಕೆ ವ್ಯಾಪಕವಾಗಿದ್ದು, ಸಂಕೋಚ ಸ್ವಭಾವದ ಅನೇಕರನ್ನು ಅದು ಸಮಾರಂಭಗಳ ಮೂಲೆಯಲ್ಲೇ ಉಳಿಸಿದೆ. ಸೇರ್ಪಡೆಯ ಪೂರ್ತಿ ಹೊಣೆಯನ್ನು ಹೊಸಬರ ಮೇಲೆ ಹೊರಿಸುವ ಈ ನಂಬಿಕೆ ತಪ್ಪು. ಆ ಹೊಣೆಯ ದೊಡ್ಡ ಪಾಲು ಮೊದಲೇ ಕುಳಿತವರದು.

ಮಾತುಕತೆಯಲ್ಲಿ ತೊಡಗಿದವರ ದೇಹಭಂಗಿಗಳನ್ನು ಅಧ್ಯಯನ ಮಾಡಿದ ಆ್ಯಡಂ ಕೆಂಡನ್, ಎಲ್ಲರೂ ಒಳಮುಖವಾಗಿರುವಾಗ ನಡುವೆ ಉಳಿಯುವ, ಪ್ರತಿಯೊಬ್ಬರಿಗೂ ಸಮಾನ ಹಕ್ಕಿರುವ ಜಾಗವನ್ನು ‘ಓ-ಸ್ಪೇಸ್’ ಎಂದು ಕರೆದರು. ಹೊಸಬರು ಈ ವ್ಯೂಹದ ಹೊರ ಅಂಚಿನಲ್ಲಿ ತಡೆದು ನಿಲ್ಲುತ್ತಾರೆ. ಒಳಗಿನವರು ನೋಟ ಬೀರಿ, ಮೈ ತಿರುಗಿಸಿ, ಕೊಂಚ ಸರಿದಾಗಲೇ ಅವರು ಗುಂಪಿನ ಸದಸ್ಯರಾಗುತ್ತಾರೆ. ನಿಂತವರು ಸರಿಯುವುದು ಸುಲಭ, ಕುಳಿತವರು ಕುರ್ಚಿಯನ್ನೇ ಎಳೆಯಬೇಕಾಗುತ್ತದೆ. ಆದ್ದರಿಂದ ಕುಳಿತ ಗುಂಪು ನಿಧಾನವಾಗಿ ತೆರೆದುಕೊಂಡರೆ ಅದು ಅನಾದರವೇ ಆಗಬೇಕಿಲ್ಲ. ಹೋಟೆಲಿನಲ್ಲಿ “ಇಲ್ಲಿ ಯಾರಾದರೂ ಬರ್ತಾರಾ?” ಎಂದು ಕೇಳಿ ಎದುರು ಕೂತವರಿಗೆ ದೊರೆಯುವುದು ಆಸನದ ಅನುಮತಿ ಮಾತ್ರ, ಮಾತಿನದಲ್ಲ. ಅರಳಿಕಟ್ಟೆಯ ತುದಿಯಲ್ಲಿ ಸುಮ್ಮನೆ ಕೂತ ಪರವೂರಿನವರನ್ನು ಹಿರಿಯರೊಬ್ಬರು “ಯಾವೂರಾಯ್ತು?” ಎಂದು ವಿಚಾರಿಸಿದರೆ ಆ ಎರಡನೆಯ ಅನುಮತಿಯೂ ದೊರೆತಂತೆ, ಇಲ್ಲಿ ಮೊದಲ ಮಾತನ್ನು ಹುಡುಕುವ ಕಷ್ಟ ಬಂದವರಿಗಿಲ್ಲ.

ಒಮ್ಮೆ ನೋಡಿ ಮುಖ ತಿರುಗಿಸಿದವರು ತಿರಸ್ಕರಿಸಿದರೆಂದು ಭಾವಿಸುವುದೂ ಅವಸರದ ತೀರ್ಮಾನ. ಅಪರಿಚಿತರ ಇರವನ್ನು ಕಣ್ಣಿನಲ್ಲಿ ಗುರುತಿಸಿ, ಅವರನ್ನು ದಿಟ್ಟಿಸಿ ಮುಜುಗರಪಡಿಸದೆ ನೋಟ ಹಿಂತೆಗೆಯುವ ಈ ನಡವಳಿಕೆಯನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರ ತಮ್ಮ ಕೃತಿಯಲ್ಲಿ ವಿವರಿಸಿದ್ದು, ಅದನ್ನು ‘ಸೌಜನ್ಯದ ಅಲಕ್ಷ್ಯ’ ಎನ್ನಬಹುದು. ಅದು ಮರ್ಯಾದೆಯ ರೂಪವೇ ಹೊರತು ಅವಮಾನವಲ್ಲ. ಮಾತಾಡಿದ ಮೇಲೂ ಅಳುಕು ಉಳಿಯುತ್ತದೆ. ಹೊಸ ಪರಿಚಿತರು ತಮ್ಮನ್ನು ಎಷ್ಟು ಮೆಚ್ಚಿದರೆಂಬುದನ್ನು ಜನ ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆಂದು ಮನೋವಿಜ್ಞಾನಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿಕೊಟ್ಟಿದ್ದಾರೆ.

ಹಾಗೆಂದು ಆತ್ಮವಿಶ್ವಾಸವೊಂದಿದ್ದರೆ ಯಾವ ಗುಂಪನ್ನಾದರೂ ಸೇರಬಹುದೆಂಬ ಮಾತು ಅಷ್ಟೇ ದೊಡ್ಡ ತಪ್ಪು. ತಲೆಗಳು ಹತ್ತಿರ ಬಾಗಿ ದನಿ ತಗ್ಗಿದ್ದಲ್ಲಿ, ಯಾರಾದರೂ ಕಣ್ಣೊರೆಸಿಕೊಳ್ಳುತ್ತಿದ್ದಲ್ಲಿ, ಹೊರಗಿನವರು ಹಿಂದೆ ಸರಿಯುವುದೇ ಯುಕ್ತ. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಊರಿನ ಕಟ್ಟೆಯ ಮೇಲೆ ಯಾರು ಕೂರಬಹುದೆಂಬುದನ್ನು ಜಾತಿಯೂ ಲಿಂಗವೂ ಬಹುಕಾಲ ನಿರ್ಧರಿಸಿದ್ದು, ಅನೇಕ ಕಡೆ ಅದರ ನೆರಳು ಇನ್ನೂ ಮಾಸಿಲ್ಲ. ಅಂಥಲ್ಲಿ ದೂರ ನಿಂತವರಿಗೆ ಧೈರ್ಯದ ಪಾಠ ಹೇಳುವುದು ಅನ್ಯಾಯ. ಸರಿದು ಜಾಗ ಮಾಡಬೇಕಾದವರು ಕುಳಿತವರು.