ಮಠವೆಂದರೆ ಬರೀ ಗದ್ದುಗೆಯಲ್ಲ

ಮಳೆ ಕೈಕೊಟ್ಟ ವರ್ಷ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಹುಡುಗನ್ನ ಮಠಕ್ಕೆ ಸೇರಿಸಿ, ಊಟಕ್ಕೂ ಆಯ್ತು, ಓದಿಗೂ ಆಯ್ತು’. ನಮ್ಮ ಕಡೆ ಮಠ ಎಂದರೆ ತುಮಕೂರಿನ ಸಿದ್ಧಗಂಗೆ. ಕಡಲೆಕಾಯಿ ಬೆಳೆ ಒಣಗಿದ ಮನೆಗಳ ಎಷ್ಟೋ ಹುಡುಗರು ಎಸ್ಸೆಸ್ಸೆಲ್ಸಿ ದಾಟಿದ್ದು ಅಲ್ಲಿನ ಮುದ್ದೆ ಉಂಡು.

ಮಠಕ್ಕೂ ಶಾಲೆಗೂ ನಂಟು ಹಳೆಯದು. ಸರ್ಕಾರಿ ಶಾಲೆಗಳು ಬರುವ ಮೊದಲು ಊರಿನ ಶಾಲೆಗೆ ಕೂಲಿಮಠ, ಐಗಳ ಮಠ ಎಂದೇ ಹೆಸರು. ಇನ್ನೂ ಹಿಂದಕ್ಕೆ ಹೋದರೆ ಶಿಕಾರಿಪುರದ ಬಳಿಯ ಬಳ್ಳಿಗಾವಿಯ ಕೋಡಿಮಠ ಸಿಗುತ್ತದೆ. 1162ರ ಅಲ್ಲಿನ ಶಾಸನ ಓದಿದರೆ ಅಚ್ಚರಿಯಾಗುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ಅಲ್ಲಿತ್ತು. ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ವಿದ್ಯಾಲಯ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ!

ಅದೇ ಕಾಲದ ಯುರೋಪಿನ ಕ್ರೈಸ್ತ ಮಠಗಳ ಕಥೆಯೂ ಹೆಚ್ಚುಕಡಿಮೆ ಇದೇ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮದಂತೆ ಸನ್ಯಾಸಿ ಪ್ರಾರ್ಥನೆಯ ಜೊತೆಗೆ ಮೈಮುರಿದು ದುಡಿಯಬೇಕು, ಓದಬೇಕು, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಸತ್ಕರಿಸಬೇಕು. ಅಚ್ಚುಯಂತ್ರವಿಲ್ಲದ ದಿನಗಳಲ್ಲಿ ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡಿ ಉಳಿಸಿದವರು ಅವರು. 1098ರಲ್ಲಿ ಶುರುವಾದ ಸಿಸ್ಟರ್ಷಿಯನ್ ಪಂಥದ ಮಠಗಳು ಹಳ್ಳದ ನೀರು ತಿರುಗಿಸಿ, ನೀರಿನ ಚಕ್ರದಿಂದ ಹಿಟ್ಟು ಬೀಸುತ್ತಿದ್ದವು. ಎಂಜಿನಿಯರಿಂಗ್ ಓದುವ ನನಗೆ ಇದು ಬಹಳ ಹಿಡಿಸಿತು.

ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 1941ರಲ್ಲಿ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ಸುತ್ತಿ ದವಸ ತಂದರು. ಅವರು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಜಾತಿ, ಧರ್ಮ ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಸಿಗುತ್ತಿತ್ತು. ಭಕ್ತರು ಕೊಟ್ಟ ರಾಗಿ ಮಕ್ಕಳ ತಟ್ಟೆಗೆ ಮುದ್ದೆಯಾಗಿ ಬರುತ್ತಿತ್ತು. ದಾಸೋಹ ಎಂದರೆ ಇದೇ.

ಆದರೆ ಚರಿತ್ರೆ ಎಚ್ಚರಿಕೆಯನ್ನೂ ಕೊಡುತ್ತದೆ. ಯುರೋಪಿನ ಹಲವು ಮಠಗಳಿಗೆ ದತ್ತಿ, ಜಮೀನು ಸೇರುತ್ತಾ ಹೋದಂತೆ ಸರಳ ಬದುಕು ಸಡಿಲವಾಯಿತು. ಇಂಗ್ಲೆಂಡಿನ ದೊರೆ 8ನೇ ಹೆನ್ರಿಯ ಕಣ್ಣು ಆ ಆಸ್ತಿಯ ಮೇಲೆ ಬಿತ್ತು. 1536ರಿಂದ 1540ರ ನಡುವೆ ಅಲ್ಲಿನ ನೂರಾರು ಮಠಗಳು ಮುಚ್ಚಿಹೋದವು. ಅವುಗಳ ಬಾಗಿಲಲ್ಲಿ ಅನ್ನ ಪಡೆಯುತ್ತಿದ್ದ ಬಡವರು ಬೀದಿಪಾಲಾದರು.

ಇಂದು ನಮ್ಮ ಮಠಗಳೂ ದೊಡ್ಡದಾಗಿವೆ. ಹಲವು ಮಠಗಳಿಗೆ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿವೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಅಲ್ಲಿ ಸಾಲು ನಿಲ್ಲುತ್ತಾರೆ. ಅದೆಲ್ಲ ಇರಲಿ. ಆ ಕಾಲೇಜುಗಳಲ್ಲಿ ಬಡ ರೈತನ ಮಗನಿಗೆ ಸೀಟು ಎಷ್ಟು? 12ನೇ ಶತಮಾನದ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ ಮಠದಲ್ಲಿದ್ದುಕೊಂಡೇ ವೈದ್ಯಶಾಸ್ತ್ರ ಬರೆದಳು, ಸಂಗೀತ ರಚಿಸಿದಳು. ಪಾವಗಡದ ಗಡಿ ಹಳ್ಳಿಯ ಹುಡುಗಿ ಪಿಯುಸಿ ಮುಗಿಸಲು ಉಚಿತ ಹಾಸ್ಟೆಲ್ ಹುಡುಕಿದರೆ ಎಷ್ಟು ಮಠಗಳ ಬಾಗಿಲು ತೆರೆದೀತು?

ಗೋಪುರದ ಎತ್ತರ, ಜಾತ್ರೆಯ ಜನಸಂದಣಿ ನೋಡಿ ಮಠವನ್ನು ಅಳೆಯಬೇಕಿಲ್ಲ. ರಾತ್ರಿ ಪಂಕ್ತಿಯಲ್ಲಿ ಕೂತು ಉಂಡು, ಮತ್ತೆ ಪುಸ್ತಕ ತೆರೆಯುವ ಮಕ್ಕಳನ್ನು ಎಣಿಸಿದರೆ ಸಾಕು.