ಹಳೇ ಟ್ರಕ್ಕು, ಹೊಸ ಎಂಜಿನ್ನು, ನಡುವೆ ಒಂದು ಚೇಂಬರ್

ಅಮೆರಿಕದ ಹಳೇ ಟ್ರಕ್ ಪ್ರಿಯರಿಗೆ ಷೆವರ್ಲೆ ಸಿ-10 ಎಂದರೆ ಪ್ರಾಣ. 1960ರ ಮಾದರಿಯಿಂದ ಮಾರಾಟವಾದ ಈ ಅರ್ಧ ಟನ್ನಿನ ಪಿಕಪ್‌ಗಳಲ್ಲಿ 1967ರಿಂದ 72ರವರೆಗಿನವಕ್ಕೂ ಆಮೇಲೆ ಬಂದ ಚೌಕ ಮೈಕಟ್ಟಿನವಕ್ಕೂ ಈಗಲೂ ಬೇಡಿಕೆಯಿದೆ. ತುಕ್ಕು ಕೆರೆದು, ಬಣ್ಣ ಹೊಡೆಸಿ, ಸೀಟಿಗೆ ಹೊಸ ಹೊದಿಕೆ ಹೊಲಿಸಿದ ಮೇಲೆ ಮಾಲೀಕರ ಕಣ್ಣು ಬಾನೆಟ್ಟಿನೊಳಕ್ಕೆ ಹೋಗುತ್ತದೆ. ಅಲ್ಲಿ ದಣಿದು ಕೂತಿರುವ ಆರು ಸಿಲಿಂಡರಿನ 250 ಘನ ಇಂಚಿನ ಎಂಜಿನ್ ಇಳಿಸಿ, 1999ರಿಂದೀಚಿನ ಸಿಲ್ವೆರಾಡೊ ಟ್ರಕ್ಕಿನ 5.3 ಲೀಟರಿನ ವಿ-8 ಕೂರಿಸುವುದು ಈಗಿನ ರೂಢಿ. ಇದು ಗುಜರಿ ಅಂಗಡಿಯಲ್ಲೇ ಸಿಗುತ್ತದೆ, ಕಾರ್ಬುರೇಟರಿನ ರಗಳೆಯಿಲ್ಲ, ಕಬ್ಬಿಣದ ಬ್ಲಾಕಿನದು ಗಟ್ಟಿ ಬಾಳಿಕೆ.

ಆದರೆ ಸರಪಳಿಗೆ ನೇತುಹಾಕಿದ ಆ ಎಂಜಿನ್ ಚಾಸಿಯೊಳಕ್ಕೆ ಇಳಿಯುವಾಗ ಮೊದಲು ತಾಗುವುದು ಅದರ ತಳ, ಅಂದರೆ ಆಯಿಲ್ ಚೇಂಬರ್. ಟ್ರಕ್ಕಿನ ಈ ಚೇಂಬರಿನ ಹಿಂಭಾಗ ಎಂಟು ಇಂಚಿಗೂ ಮಿಕ್ಕಿ ಆಳ. ಎತ್ತರದ ಸಿಲ್ವೆರಾಡೊದಡಿ ಅದಕ್ಕೆ ಜಾಗವಿತ್ತು. ಹಳೇ ಸಿ-10ರಲ್ಲಿ, ಅದರಲ್ಲೂ ಸಸ್ಪೆನ್ಷನ್ ತಗ್ಗಿಸಿ ನೆಲಕ್ಕೆ ಹತ್ತಿರ ತಂದ ಗಾಡಿಯಲ್ಲಿ, ಅದು ಚಾಸಿಯ ಮುಂದಿನ ಅಡ್ಡ ತೊಲೆಗಿಂತ, ಅಂದರೆ ಕ್ರಾಸ್ ಮೆಂಬರಿಗಿಂತ, ಕೆಳಗೆ ಜೋತು ಬೀಳುತ್ತದೆ. ರಸ್ತೆಯ ಹಂಪು ಮೊದಲು ಹೊಡೆಯುವುದು ಎಣ್ಣೆ ತುಂಬಿದ ಅಲ್ಯೂಮಿನಿಯಮ್ಮಿಗೆ. ಎರಕದ ಅಲ್ಯೂಮಿನಿಯಂ ತಗಡಿನಂತೆ ನೆಗ್ಗುವುದಿಲ್ಲ, ಬಿರಿಯುತ್ತದೆ.

ಇದೇ ಕಂಪನಿಯ 1955ರ 265 ಘನ ಇಂಚಿನ ವಿ-8 ಎಂಜಿನ್ನಿನ ಚೇಂಬರ್ ಒತ್ತಿ ತಯಾರಿಸಿದ ಉಕ್ಕಿನ ತಗಡು. ಎಣ್ಣೆ ಹಿಡಿದಿಡುವುದಷ್ಟೇ ಅದರ ಕೆಲಸ. ಆ ಮೊದಲ ವರ್ಷದ ಬ್ಲಾಕಿನಲ್ಲಿ ಆಯಿಲ್ ಫಿಲ್ಟರಿಗೇ ಜಾಗ ಇರಲಿಲ್ಲ. 1997ರ ಕಾರ್ವೆಟ್ ಕಾರಿನೊಂದಿಗೆ ಬಂದ, ಸಿಲ್ವೆರಾಡೊದ ವಿ-8 ಕೂಡ ಸೇರುವ ಎಲ್‌ಎಸ್ ಪೀಳಿಗೆಯಲ್ಲಿ ಚೇಂಬರಿನ ಪಾತ್ರವೇ ಬದಲಾಯಿತು. ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ ಬೋಲ್ಟಾಗಿ ಅದು ಎಂಜಿನ್ನಿಗೆ ಬಿಗಿತ ಕೊಡುತ್ತದೆ. ಫಿಲ್ಟರ್ ಕೂಡ ಅದಕ್ಕೇ ಅಂಟಿಕೊಂಡಿದ್ದು, ಪಂಪಿನಿಂದ ಬಂದ ಎಣ್ಣೆ ಅದರೊಳಗಿನ ದಾರಿಯಲ್ಲೇ ಹಾದುಹೋಗಬೇಕು. ಹಾಗಾಗಿ ತಳ ಕತ್ತರಿಸಿ ಬೆಸುಗೆ ಹಾಕಿಸಿಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ.

ಆಯ್ಕೆಗಳಿಗೇನೂ ಬರವಿಲ್ಲ. 1998–2002ರ ಕಮಾರೊ ಕಾರಿನ ಚೇಂಬರ್ ಸುಮಾರು ಐದೂವರೆ ಇಂಚು ಆಳ, ಬಹಳ ಜನ ಮೊದಲು ಹುಡುಕುವುದು ಅದನ್ನೇ. ಕಾರ್ವೆಟ್ಟಿನದು ಎರಡೂ ಪಕ್ಕಕ್ಕೆ ರೆಕ್ಕೆ ಚಾಚಿದ್ದು. ವೇಗದ ತಿರುವಿನಲ್ಲಿ ಎಣ್ಣೆ ಸಾಲದಾಗದಿರಲಿ ಎಂದು ಮಾಡಿದ ಆ ರೆಕ್ಕೆ ಟ್ರಕ್ಕಿನ ಚೌಕಟ್ಟಿನಲ್ಲಿ ಅಡ್ಡ ಬರುತ್ತದೆ. ಪಾಂಟಿಯಾಕ್ ಜಿಟಿಒದ ಎಣ್ಣೆಗುಂಡಿ ಮುಂಭಾಗದಲ್ಲಿದೆ, ಸಿ-10ಕ್ಕೆ ಬೇಕಾದದ್ದು ಹಿಂಭಾಗದಲ್ಲಿ. ಹಳೇ ಗಾಡಿಗಳಿಗೆಂದೇ ಮುಂಭಾಗ ತೆಳುವಾಗಿಸಿ ಎರಕ ಹೊಯ್ದ ಚೇಂಬರುಗಳನ್ನು ಷೆವರ್ಲೆಯೂ, ಕಾರ್ಬುರೇಟರಿಗೆ ಹೆಸರಾದ ಹಾಲಿ ಕಂಪನಿಯೂ ಮಾರುತ್ತವೆ. ಬೆಲೆ ಹೆಚ್ಚು. ಆದರೂ ತಗ್ಗಿಸಿದ ಗಾಡಿಗೆ ಇವೇ ಸರಿ ಎನ್ನಬೇಕಾಗುತ್ತದೆ. ತಗ್ಗಿಸದ, ನಾಲ್ಕೂ ಚಕ್ರ ಎಳೆಯುವ ಎತ್ತರದ ಟ್ರಕ್ಕಾದರೆ ಎಂಜಿನ್ನಿನೊಂದಿಗೆ ಬಂದ ಆಳದ ಚೇಂಬರೇ ಸಾಕಾಗಬಹುದು. ಆದರೆ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಮುಂದಿನ ಆಕ್ಸಲ್ ಎಲ್ಲಿಯವರೆಗೆ ಏರುತ್ತದೆಂದು ನೋಡಿಕೊಳ್ಳಬೇಕು.

ನುರಿತವರು ಕ್ಯಾಟಲಾಗ್ ನಂಬಿ ಕೊಳ್ಳುವುದಿಲ್ಲ. ಖಾಲಿ ಬ್ಲಾಕಿಗೆ ಚೇಂಬರ್ ಕಟ್ಟಿ ಚಾಸಿಯಲ್ಲಿ ಇಳಿಸಿ, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ, ಅದರ ಲಿಂಕ್ ಎಲ್ಲಿ ಉಜ್ಜುತ್ತದೆಂದು ಕೆಳಗೆ ಮಲಗಿ ನೋಡುತ್ತಾರೆ. ಎಂಜಿನ್ ಮೌಂಟಿನ ತಗಡು ಬದಲಿಸಿದರೆ ಎಂಜಿನ್ ಹಿಂದೆಮುಂದೆ ಸರಿಯುತ್ತದೆ. ಕ್ರಾಸ್ ಮೆಂಬರಿಗೂ ಲಿಂಕಿಗೂ ತಾಗದ ಜಾಗ ಎಷ್ಟೋ ಸಲ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಈ ಇಡೀ ಕೆಲಸದಲ್ಲಿ ಅತಿ ಸಣ್ಣ ಭಾಗವೇ ಅತಿ ಹೆಚ್ಚು ಎಂಜಿನ್ ಬಿಚ್ಚಿಸಿದೆ ಎಂದರೆ ಅತಿಶಯವಲ್ಲ. ಚೇಂಬರ್ ಬದಲಾದರೆ ಅದರೊಳಗಿಂದ ಪಂಪಿಗೆ ಎಣ್ಣೆ ಹೀರುವ ಸ್ಟ್ರೈನರ್ ಪೈಪೂ ಬದಲಾಗಬೇಕು, ಎಷ್ಟೋ ಸಲ ಕ್ರ್ಯಾಂಕಿನಡಿಯ ವಿಂಡೇಜ್ ಟ್ರೇಯೂ ಅಳತೆ ಕಡ್ಡಿಯೂ ಬದಲಾಗಬೇಕು. ಸ್ಟ್ರೈನರಿನ ಬಾಯಿ ಚೇಂಬರಿನ ತಳಕ್ಕೆ ಅಂಟಿದರೆ ಎಣ್ಣೆ ಬರದು, ಬಹಳ ಮೇಲಿದ್ದರೆ ಗಾಳಿ ಬರುತ್ತದೆ. ಕಾಲಿಂಚಿನಿಂದ ಮೂರೆಂಟಾಂಶ ಇಂಚಿನ ಅಂತರ ವಾಡಿಕೆ. ಅದನ್ನು ಅಳೆಯಲು ಸ್ಟ್ರೈನರಿನ ತಳಕ್ಕೆ ಮಕ್ಕಳ ಆಟದ ಜೇಡಿಯ ಉಂಡೆ ಅಂಟಿಸಿ, ಚೇಂಬರ್ ಒತ್ತಿ ತೆಗೆದು, ಚಪ್ಪಟೆಯಾದ ಜೇಡಿಯ ದಪ್ಪ ನೋಡುತ್ತಾರೆ. ಪೈಪು ಪಂಪಿಗೆ ಸೇರುವಲ್ಲಿ ಒಂದು ರಬ್ಬರಿನ ಓ-ರಿಂಗ್ ಇದೆ. ಪಂಪಿನ ಮಾದರಿಗೆ ತಕ್ಕಂತೆ ಅದರ ದಪ್ಪ ಬೇರೆ. ಪೈಪನ್ನು ಬಿಗಿಯುವುದು ಒಂದೇ ಬೋಲ್ಟ್, ಅದೂ ಒಂದು ಪಕ್ಕದಲ್ಲಿ. ಅವಸರದಲ್ಲಿ ಬಿಗಿದರೆ ಪೈಪು ವಾರೆಯಾಗಿ ರಿಂಗ್ ಚಿವುಟಿಕೊಳ್ಳುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ, ಪಂಪು ಎಣ್ಣೆಯೊಂದಿಗೆ ಗಾಳಿಯನ್ನೂ ಎಳೆಯುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಒತ್ತಡದ ಮುಳ್ಳು ಕುಸಿಯುತ್ತದೆ. ಮಾಲೀಕ ಬೇರಿಂಗ್ ಸವೆದಿದೆಯೆಂದು ಹೆದರಿ ಎಂಜಿನ್ ಇಳಿಸುತ್ತಾನೆ. ಕಾರಣ ಆ ರಬ್ಬರಿನ ಬಳೆ. ಅದಕ್ಕೇ ರಿಂಗಿಗೆ ಎಣ್ಣೆ ಸವರಿ, ಕೈಯಲ್ಲೇ ಪೂರ್ತಿ ಒಳಗೆ ಕೂರಿಸಿ, ಆಮೇಲಷ್ಟೇ ಸ್ಪ್ಯಾನರ್ ಎತ್ತುವುದು ಬಲ್ಲವರ ಕ್ರಮ.

ಉಳಿದದ್ದು ಚಿಕ್ಕ ಕೆಲಸ. ಮುಂದಿನ, ಹಿಂದಿನ ಕವರುಗಳು ಬ್ಲಾಕಿಗೆ ಸೇರುವ ನಾಲ್ಕು ಮೂಲೆಗೆ ಸಿಲಿಕೋನ್ ಚುಕ್ಕೆ, ಚೇಂಬರಿನ ಹಿಂಬದಿ ಬ್ಲಾಕಿನ ಹಿಂಬದಿಗೆ ಸಮ, ಆಮೇಲೆ ಬೋಲ್ಟ್.

ಬೇಸರದ ಮಾತೊಂದಿದೆ. ಸರಿಯಾದ ಚೇಂಬರ್ ಹುಡುಕುವ ತಾಳ್ಮೆಯಿಲ್ಲದೆ ಗ್ಯಾಸ್ ಕಟರ್ ಹಿಡಿದು ಕ್ರಾಸ್ ಮೆಂಬರನ್ನೇ ಕೊಯ್ದ ಟ್ರಕ್ಕುಗಳಿವೆ. ಕೆಳಗೆ ಕೂರುವ ಎಸಿ ಕಂಪ್ರೆಸರಿಗಾಗಿ ಚಾಸಿಯ ಪಟ್ಟಿಯಲ್ಲಿ ಕಚ್ಚು ಕೊರೆದವರೂ ಉಂಟು. ಮುಂದಿನ ಚಕ್ರಗಳ ಭಾರ ಹೊರುವ ಭಾಗ ಅದು, ಐವತ್ತು ವರ್ಷ ತಾಳಿದ ಉಕ್ಕು. ಇಳಿಸಿದ ಆರು ಸಿಲಿಂಡರಿನ ಎಂಜಿನ್ನು ಮೂಲೆ ಸೇರಿ, ಆಮೇಲೆ ತೂಕಕ್ಕೆ ಹೋಗುತ್ತದೆ. ಚೇಂಬರಿಗೆ ಕೊಡುವ ಹಣ ದುಬಾರಿ ಅನ್ನಿಸಿದರೂ ಚೌಕಟ್ಟನ್ನು ಮುಟ್ಟದೆ ಉಳಿಸುವುದು ಅದೇ.

ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸತೊಡಗಿತ್ತು. ಹಾಗಾಗಿ ನಮ್ಮ ಕಡೆಯ ಯಾವುದಾದರೂ ಕೊಟ್ಟಿಗೆಯಲ್ಲಿ ಹಳೇ ಲಾರಿಯೊಂದು ನಿಂತಿರಲೂಬಹುದು. ಅಂಥದ್ದಕ್ಕೆ ಬೇರೆ ಎಂಜಿನ್ ಹಾಕಿಸುವ ಮನಸ್ಸಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಒಪ್ಪಿಗೆ ಬೇಕು. ಹಳೇ ಎಂಜಿನ್ನನ್ನು ಅದರ ತಗಡಿನ ಚೇಂಬರ್ ಸಮೇತ ಎಣ್ಣೆ ಸವರಿ ಎತ್ತಿಡಿ, ಚಾಸಿಗೆ ಮಾತ್ರ ಗರಗಸ ತಾಗಿಸಬೇಡಿ.